ಕಾಕ್‌ಪಿಟ್‌ನಲ್ಲಿ ನಾಲ್ಕೇ ಸೀಟು

ಲೆಗೊ ಕಂಪನಿ 2017ರ ಅಕ್ಟೋಬರ್‌ನಲ್ಲಿ ಅಂಗಡಿಗೆ ಬಿಟ್ಟ ‘ಮಿಲೇನಿಯಮ್ ಫಾಲ್ಕನ್’ ಸೆಟ್ಟಿನ ಸಂಖ್ಯೆ 75192. ಒಳಗಿರುವ ತುಂಡುಗಳು 7541. ಕಟ್ಟಿ ಮುಗಿಸಿದರೆ ಉದ್ದ 84 ಸೆಂಟಿಮೀಟರ್, ಅಗಲ 56, ಎತ್ತರ 21. ಅಮೆರಿಕದಲ್ಲಿ ಆಗಿನ ಬೆಲೆ 799.99 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 52 ಸಾವಿರ ರೂಪಾಯಿ. ಈ ಅಂಕಿಗಳನ್ನೆಲ್ಲ ಮೊದಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಈ ಸೆಟ್ಟಿನ ಬಗ್ಗೆ ಮಾತಾಡುವವರು ಬಹುತೇಕ ಇಷ್ಟಕ್ಕೇ ನಿಲ್ಲಿಸುತ್ತಾರೆ. ಎಷ್ಟು ತುಂಡು, ಎಷ್ಟು ದಿನ ಹಿಡಿಯಿತು, ಈಗ ಮಾರಿದರೆ ಎಷ್ಟು ಬರುತ್ತದೆ. ಕಾದಂಬರಿಯೊಂದರ ಬಗ್ಗೆ ಬರೆಯುತ್ತ ಪುಟ ಎಷ್ಟು, ತೂಕ ಎಷ್ಟು ಅಂತ ಹೇಳಿ ಎದ್ದುಹೋದ ಹಾಗೆ ಇದು. ನನಗೆ ಇದನ್ನೊಂದು ಕೃತಿ ಎಂದೇ ಓದಬೇಕು ಅನ್ನಿಸಿದೆ. ಇದಕ್ಕೆ ಕಥೆ ಇದೆ, ಪಾತ್ರಗಳಿವೆ, ಪಾತ್ರಗಳನ್ನು ಆರಿಸಿದವರ ಪಕ್ಷಪಾತಗಳಿವೆ, ಓದುಗನಿಂದ ಅದು ಬೇಡುವ ಶ್ರಮವೂ ಇದೆ.

ನಾನು ಇದನ್ನು ಓದಿದ್ದು ವಸಂತ್ ಕುಂಜ್‌ನ ಒಂದು ಡಿಡಿಎ ಫ್ಲಾಟಿನಲ್ಲಿ. ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಗೆಳೆಯ ಶಿವಮೊಗ್ಗ ಕಡೆಯವನು, ಕೆಲಸ ಗುರುಗ್ರಾಮದಲ್ಲಿ. ಒಂದು ವರ್ಷ ಬೋನಸ್ ಬಂದಾಗ ಇದನ್ನು ತರಿಸಿದ. ಕಟ್ಟಿದ್ದು ಅವನೇ. ನಾನು ನಾಲ್ಕಾರು ವಾರಾಂತ್ಯ ತುಂಡು ಹುಡುಕಿಕೊಡುವ ಕೂಲಿಯಾಳು. ಡಿಡಿಎ ಫ್ಲಾಟಿನ ಹಾಲ್ ನೋಡಿದವರಿಗೆ ಗೊತ್ತು, ಅಲ್ಲಿ ಸೋಫಾ, ಟಿವಿ, ಕೂಲರ್ ಇಟ್ಟ ಮೇಲೆ ನಡೆದಾಡಲು ಉಳಿಯುವುದು ಒಂದು ಓಣಿ. ಅಂಥ ಕಡೆ 84 ಸೆಂಟಿಮೀಟರಿನ ಹಡಗು ಬಂದು ಕೂತರೆ ಅದು ಆಟಿಕೆಯಾಗಿ ಉಳಿಯುವುದಿಲ್ಲ, ಮನೆಯ ಇನ್ನೊಬ್ಬ ಸದಸ್ಯನಾಗುತ್ತದೆ. ಊಟದ ಮೇಜಿನ ಮುಕ್ಕಾಲು ಭಾಗ ಎರಡು ತಿಂಗಳು ಅದರದ್ದೇ ಆಗಿತ್ತು. ಆ ಮನೆಯವರೆಲ್ಲ ನೆಲದ ಮೇಲೆ ಕೂತು ಉಂಡರು. ಅದರಿಂದ ಒಳ್ಳೆಯದೇ ಆಯಿತು ಎಂದು ಅವನ ಅಮ್ಮ ಆಮೇಲೆ ಫೋನಿನಲ್ಲಿ ಹೇಳಿದರಂತೆ.

ಮೊದಲು ಕೈಪಿಡಿಯ ಬಗ್ಗೆ. ದಪ್ಪ, ಸುರುಳಿ ಬೈಂಡಿನ ಪುಸ್ತಕ ಅದು. ಮೊದಲ ಕೆಲವು ಪುಟಗಳ ಮುನ್ನುಡಿ ಬಿಟ್ಟರೆ ಕಟ್ಟುವ ಭಾಗದಲ್ಲಿ ಮಾತೇ ಇಲ್ಲ. ಚಿತ್ರ, ಬಾಣದ ಗುರುತು, ಹೆಜ್ಜೆಯ ಸಂಖ್ಯೆ, ಈ ಹೆಜ್ಜೆಗೆ ಯಾವ ತುಂಡು ಎಷ್ಟು ಎಂಬ ಪುಟ್ಟ ಪೆಟ್ಟಿಗೆ. ಭಾಷೆಯಿಲ್ಲದ್ದರಿಂದ ಅನುವಾದದ ಗೋಜಿಲ್ಲ. ಡೆನ್ಮಾರ್ಕಿನ ಬಿಲ್ಲುಂಡಿನಲ್ಲಿ ಮಾಡಿದ ಪುಸ್ತಕವನ್ನು ತೀರ್ಥಹಳ್ಳಿಯ ಹುಡುಗ ದಿಲ್ಲಿಯಲ್ಲಿ ಓದಬಹುದು. ಕೆಲಸಕ್ಕೆ ಹಿಂದಿ, ಕಚೇರಿಗೆ ಇಂಗ್ಲಿಷ್, ಮನೆಗೆ ಕನ್ನಡ ಎಂದು ದಿನಕ್ಕೆ ಮೂರು ಸಲ ನಾಲಗೆ ಬದಲಿಸುವ ನಮ್ಮಂಥವರಿಗೆ ಭಾನುವಾರ ಮಧ್ಯಾಹ್ನ ಒಂದು ಭಾಷೆಯೂ ಬೇಡದ ಪುಸ್ತಕ ಸಿಕ್ಕಿದರೆ ಅದು ಸಣ್ಣ ಸುಖವಲ್ಲ. ಆದರೆ ಇದೇ ಅದರ ದೋಷವೂ ಹೌದು. ಈ ತುಂಡು ಯಾಕೆ ಇಲ್ಲಿಗೆ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ನೂರು ಹೆಜ್ಜೆಗಳವರೆಗೆ ನೀವು ಕಟ್ಟುತ್ತಿರುವುದು ಹಡಗಿನ ಮೂಗೋ ಹೊಟ್ಟೆಯೋ ಗೊತ್ತಾಗುವುದಿಲ್ಲ. ಟೆಕ್ನಿಕ್ ತೊಲೆಗಳು, ನೀಲಿ ಕಪ್ಪು ಪಿನ್ನುಗಳು, ಒಂದಕ್ಕೊಂದು ಅಡ್ಡ ಹಾಕಿದ ಚೌಕಟ್ಟು. ಆಮೇಲೆ ಅದೆಲ್ಲ ಬೂದು ಹೊದಿಕೆಯ ಕೆಳಗೆ ಮುಚ್ಚಿಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಸೆಟ್ಟಿನ ಅತ್ಯುತ್ತಮ ಬರವಣಿಗೆ ಇರುವುದು ಆ ಮುಚ್ಚಿಹೋದ ಚೌಕಟ್ಟಿನಲ್ಲೇ. ಕಟ್ಟಿದವನೊಬ್ಬನೇ ಅದನ್ನು ಓದಿರುತ್ತಾನೆ, ಬಂದ ನೆಂಟರಿಗೆ ಅದು ಕಾಣುವುದಿಲ್ಲ.

ಹಾರುವ ಯಂತ್ರದ ಕೈಪಿಡಿ ಎಂದ ಕೂಡಲೇ ಕನ್ನಡದವರಿಗೆ ನಮ್ಮದೇ ಒಂದು ಉದಾಹರಣೆ ನೆನಪಾಗಬೇಕು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’. ಭರದ್ವಾಜ ಋಷಿಯ ಹೆಸರಿನಲ್ಲಿರುವ ಈ ಸಂಸ್ಕೃತ ಗ್ರಂಥಕ್ಕೆ ಬೆಂಗಳೂರಿನ ನಕ್ಷೆಗಾರ ಎಲ್ಲಪ್ಪ ಎಂಬುವರು 1923ರಲ್ಲಿ ಚಿತ್ರ ಬರೆದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ಅಡ್ಡಕೊಯ್ತ, ಮೇಲ್ನೋಟ, ಒಳಗಿನ ಚಕ್ರ, ಕೊಳವೆ ಎಲ್ಲ ಅಲ್ಲಿವೆ. ಮೈಸೂರಿನ ಜಿ. ಆರ್. ಜೋಸ್ಯರ್ 1973ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಕೂತು ಲೆಕ್ಕ ಹಾಕಿ, ಭಾಷೆಯನ್ನೂ ಪರೀಕ್ಷಿಸಿ, ಇದು ಪ್ರಾಚೀನವೂ ಅಲ್ಲ, ಇದರಲ್ಲಿನ ಯಾವುದೂ ಹಾರುವುದೂ ಇಲ್ಲ ಎಂದು ತೋರಿಸಿದರು. ಅಲ್ಲಿಗೆ ಆ ಚರ್ಚೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಆ ಮಾತು ಬೇರೆ. ನನಗೆ ಕುತೂಹಲ ಇರುವುದು ಎರಡು ಕೈಪಿಡಿಗಳ ನಡುವಿನ ವ್ಯತ್ಯಾಸದಲ್ಲಿ. ಎಲ್ಲಪ್ಪನವರ ಚಿತ್ರಗಳು ಚೆನ್ನಾಗಿವೆ, ರುಕ್ಮ ವಿಮಾನದ ಗೋಪುರದ ಆಕಾರ ನೋಡಿದರೆ ಯಾವ ಸಿನಿಮಾದವರೂ ಕೊಂಡುಕೊಳ್ಳಬಹುದು. ಆದರೆ ಆ ಚಿತ್ರ ನಿಜಕ್ಕೂ ಹಾರಿದ ವಸ್ತುವಿನದು ಎಂದು ನಂಬಿಸುವ ಭಾರ ಅದರ ಮೇಲಿದೆ. ಫಾಲ್ಕನ್ನಿಗೆ ಆ ಭಾರ ಇಲ್ಲ. ಇದು ಸುಳ್ಳು ಎಂದು ಪೆಟ್ಟಿಗೆಯ ಮೇಲೆಯೇ ಒಪ್ಪಿಕೊಂಡು, ಆ ಸುಳ್ಳನ್ನು ಒಂದು ತುಂಡೂ ಹೆಚ್ಚು ಕಡಿಮೆಯಾಗದ ಹಾಗೆ ಕಟ್ಟಿಸುತ್ತದೆ. ಕಲ್ಪನೆಯನ್ನು ಕಲ್ಪನೆ ಎಂದೇ ಗೌರವಿಸಿದರೆ ಎಷ್ಟು ನಿಖರವಾಗಿ ಕೆಲಸ ಮಾಡಬಹುದು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಿಲ್ಲ.

ಹಡಗಿನ ಮೈಮೇಲಿನ ವಿವರಗಳನ್ನು ನೋಡಿ. ಕೊಳವೆ, ಹಲ್ಲುಚಕ್ರ, ಜಾಲರಿ, ಮುಚ್ಚಳ, ಏನೆಂದು ಹೇಳಲಾಗದ ಗಂಟುಗಂಟು. 1977ರ ಮೊದಲ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಫಾಲ್ಕನ್ನಿನ ಮಾದರಿ ಮಾಡಿದವರು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಿಟ್ಟುಗಳನ್ನು ಒಡೆದು, ಎರಡನೆಯ ಮಹಾಯುದ್ಧದ ಟ್ಯಾಂಕು, ವಿಮಾನಗಳ ಬಿಡಿಭಾಗಗಳನ್ನು ಅದರ ಮೈಗೆ ಅಂಟಿಸಿದ್ದರು. ಅಂದರೆ ಮೂಲ ಹಡಗೇ ಆಟಿಕೆಗಳ ಚೂರಿನಿಂದ ಆದದ್ದು. ಲೆಗೊ ಅದನ್ನು ನಲವತ್ತು ವರ್ಷಗಳ ನಂತರ ತಿರುಗಿ ಆಟಿಕೆಯ ಚೂರಿನಿಂದಲೇ ಕಟ್ಟಿದೆ. ಇದನ್ನು ನಕಲು ಎನ್ನುವುದಕ್ಕಿಂತ, ತವರಿಗೆ ವಾಪಸ್ ಬಂದದ್ದು ಎನ್ನಬಹುದು. ಬೂದು ಬಣ್ಣದ ಈ ಒರಟು ಮೈ ನನಗೆ ಸುಂದರ ಅನ್ನಿಸುವುದು ಇದಕ್ಕಾಗಿಯೇ. ಹೊಸ ಹಡಗಲ್ಲ ಇದು, ಗ್ಯಾರೇಜಿನಲ್ಲಿ ಹತ್ತು ಸಲ ರಿಪೇರಿಯಾದ ಹಳೇ ಲಾರಿ. ಮೇ ತಿಂಗಳ ಆಂಧಿ ಬಂದು ಹೋದ ಮೇಲೆ ನಮ್ಮ ಕಡೆ ಕಿಟಕಿ ಮುಚ್ಚಿದ್ದರೂ ಎಲ್ಲದರ ಮೇಲೆ ಒಂದು ಪದರ ಧೂಳು ಕೂರುತ್ತದಲ್ಲ, ಗೆಳೆಯ ಪೇಂಟ್ ಬ್ರಷ್ ಹಿಡಿದು ಅದನ್ನು ತೆಗೆಯುತ್ತಿದ್ದ. ತೆಗೆಯಬೇಡ, ಧೂಳು ಇದ್ದರೇ ಅದು ನಿಜವಾದ ಫಾಲ್ಕನ್ ಅಂತ ನನ್ನ ವಾದ. ಗೆದ್ದದ್ದು ಬ್ರಷ್.

ಈಗ ಗೊಂಬೆಗಳಿಗೆ ಬರೋಣ. ಹಡಗಿನ ಬಗ್ಗೆ ನನಗೆ ಮೆಚ್ಚುಗೆ ಹೆಚ್ಚು, ಗೊಂಬೆಗಳ ಬಗ್ಗೆ ಜಗಳ ಹೆಚ್ಚು.

ಲೆಗೊ ಗೊಂಬೆ ಈಗಿನ ರೂಪಕ್ಕೆ ಬಂದದ್ದು 1978ರಲ್ಲಿ. ಎತ್ತರ ಸುಮಾರು ನಾಲ್ಕು ಸೆಂಟಿಮೀಟರ್. ಹಡಗಿನ ಕಥೆಯೊಳಗಿನ ಉದ್ದ ಸುಮಾರು 34 ಮೀಟರ್ ಎನ್ನುತ್ತಾರೆ. 84 ಸೆಂಟಿಮೀಟರಿಗೆ ಇಳಿಸಿದರೆ ನಲವತ್ತಕ್ಕೆ ಒಂದು. ನಾಲ್ಕು ಸೆಂಟಿಮೀಟರ್ ಗೊಂಬೆಯನ್ನು ನಲವತ್ತರಿಂದ ಗುಣಿಸಿದರೆ 160, ಒಬ್ಬ ಸಾಧಾರಣ ಮನುಷ್ಯನ ಎತ್ತರ. ಲೆಕ್ಕ ಸರಿಹೋಯಿತು. ಆದರೆ ಅಗಲ? ಅದೇ ಲೆಕ್ಕದಲ್ಲಿ ಕೈಯಿಂದ ಕೈಗೆ ಅಳೆದರೆ ಎಲ್ಲರೂ ಗರಡಿ ಮನೆಯ ಪೈಲ್ವಾನರು. ಏಳಡಿಯ ಚ್ಯೂಬಾಕನಿಗೂ ರಾಜಕುಮಾರಿ ಲೇಯಾಗೂ ಅದೇ ಅಳತೆಯ ಕಾಲು. ಇಲ್ಲಿ ನನಗೆ ನಮ್ಮ ತೊಗಲುಗೊಂಬೆ ನೆನಪಾಗುತ್ತದೆ. ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಗೊಂಬೆಯ ಅಳತೆ ಪಾತ್ರದ ಅಂತಸ್ತಿಗೆ ತಕ್ಕ ಹಾಗೆ. ದೇವರು, ರಾಜ ದೊಡ್ಡದು, ಆಳುಕಾಳು ಚಿಕ್ಕದು. ಕೊಪ್ಪಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅವರಂಥವರು ತಲೆಮಾರುಗಳಿಂದ ಕಾಪಿಟ್ಟ ಆ ಪರದೆಯ ಮೇಲೆ ಪಾತ್ರ ಪ್ರವೇಶವಾಗುತ್ತಿದ್ದಂತೆಯೇ ಅದರ ಅಂತಸ್ತು ಕಣ್ಣಿಗೆ ಗೊತ್ತಾಗುತ್ತದೆ. ಲೆಗೊದಲ್ಲಿ ರಾಜಕುಮಾರಿಗೂ ಕಳ್ಳಸಾಗಣೆಗಾರನಿಗೂ ಒಂದೇ ಅಚ್ಚು. ಇದು ಸಮಾನತೆಯೋ, ಅಚ್ಚಿನ ಉಳಿತಾಯವೋ? ಎರಡೂ ಅಂತಲೇ ನನ್ನ ಉತ್ತರ. ಉಳಿತಾಯಕ್ಕಾಗಿ ಮಾಡಿದ ಸಮಾನತೆಯೂ ಮಗುವಿನ ಕೈಯಲ್ಲಿ ಸಮಾನತೆಯಾಗಿಯೇ ಕೆಲಸ ಮಾಡುತ್ತದೆ. ಲೇಯಾಳ ಕೂದಲು ಕಿತ್ತು ಹಾನ್‌ನ ತಲೆಗೆ ಹಾಕಬಹುದು, ಹಾಕಿದ್ದನ್ನು ನಾನು ನೋಡಿದ್ದೇನೆ.

ಆದರೆ ಈ ಸಮಾನತೆಗೆ ಒಂದು ಇತಿಹಾಸ ಇದೆ. ಮೊದಲ ಇಪ್ಪತ್ತೈದು ವರ್ಷ ಗೊಂಬೆಗಳ ಮುಖ ಹಳದಿ. ಹಳದಿ ಯಾರ ಬಣ್ಣವೂ ಅಲ್ಲ, ಆದ್ದರಿಂದ ಅದು ಎಲ್ಲರ ಬಣ್ಣ ಎಂಬುದು ಕಂಪನಿಯ ನಿಲುವು. 2003ರಲ್ಲಿ ‘ಕ್ಲೌಡ್ ಸಿಟಿ’ ಎಂಬ ಸೆಟ್ಟಿನಲ್ಲಿ ಲ್ಯಾಂಡೋ ಕ್ಯಾಲ್‌ರಿಸಿಯನ್ ಬಂದ. ತೆರೆಯ ಮೇಲೆ ಆ ಪಾತ್ರ ಮಾಡಿದವರು ಕಪ್ಪು ನಟ ಬಿಲ್ಲಿ ಡೀ ವಿಲಿಯಮ್ಸ್. ಲ್ಯಾಂಡೋಗೆ ಕಂದು ಮುಖ ಕೊಟ್ಟರು. ಅದೇ ಪೆಟ್ಟಿಗೆಯಲ್ಲಿದ್ದ ಹಾನ್, ಲೇಯಾ ಹಳದಿಯಾಗಿಯೇ ಉಳಿದರು. ಹಳದಿ ಎಂದರೆ ಯಾರು ಎಂಬುದು ಆ ಕ್ಷಣ ಬಯಲಾಯಿತು. ಮರುವರ್ಷದಿಂದ ಸಿನಿಮಾ ಪಾತ್ರಗಳಿಗೆಲ್ಲ ಮೈಬಣ್ಣ ಬಂತು. ಒಂದು ಆಟಿಕೆಯ ಮುಖಕ್ಕೆ ಇಷ್ಟು ಯೋಚಿಸಬೇಕೇ ಎನ್ನುವವರು, ದಿಲ್ಲಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ಹೆಸರು, ಊರು, ಅಡುಗೆ ಕೇಳಿದ ಮೇಲೆ ಮುಖ ಬದಲಾದ ಮಾಲೀಕರನ್ನು ಒಮ್ಮೆ ನೆನಪಿಸಿಕೊಳ್ಳಲಿ. ‘ಮದ್ರಾಸಿ’ ಕೂಡ ಎಲ್ಲರಿಗೂ ಬಳಿಯುವ ಹಳದಿ ಬಣ್ಣವೇ.

75192ರ ಪೆಟ್ಟಿಗೆಯಲ್ಲಿ ಏಳು ಗೊಂಬೆಗಳು. ಹಳೆಯ ತಂಡದಿಂದ ಹಾನ್ ಸೋಲೊ, ಚ್ಯೂಬಾಕ, ಲೇಯಾ, ಸಿ-3ಪಿಒ. ಹೊಸ ತಂಡದಿಂದ ಮುದಿ ಹಾನ್, ರೇ, ಫಿನ್. ಜೊತೆಗೆ ಬಿಬಿ-8 ಎಂಬ ಉರುಳು ಯಂತ್ರ, ಪೋರ್ಗ್ ಎಂಬ ಎರಡು ಹಕ್ಕಿ, ತಂತಿ ಕಚ್ಚಿ ತಿನ್ನುವ ಮೈನಾಕ್ ಎಂಬ ಪೀಡೆ. (ನಮ್ಮ ಬ್ಲಾಕಿನಲ್ಲಿ ಆ ಕೆಲಸ ಇಲಿಗಳದ್ದು.) ಪೋರ್ಗ್ ಕಾಣಿಸಿಕೊಂಡ ಚಿತ್ರ ತೆರೆಗೆ ಬಂದದ್ದು 2017ರ ಡಿಸೆಂಬರ್‌ನಲ್ಲಿ, ಸೆಟ್ಟು ಅಂಗಡಿಗೆ ಬಂದದ್ದು ಅಕ್ಟೋಬರ್‌ನಲ್ಲಿ. ಕಥೆಗಿಂತ ಮೊದಲು ಗೊಂಬೆ ಹುಟ್ಟಿತು. ಈ ಕಥಾಲೋಕಕ್ಕೆ ಇದೇನೂ ಹೊಸತಲ್ಲ. 1977ರ ಕ್ರಿಸ್‌ಮಸ್‌ಗೆ ಗೊಂಬೆಗಳು ತಯಾರಾಗದೆ ಕೆನ್ನರ್ ಕಂಪನಿ ಆಮೇಲೆ ಗೊಂಬೆ ಕಳಿಸುತ್ತೇವೆ ಎಂಬ ಚೀಟಿಯಿದ್ದ ಲಕೋಟೆಯನ್ನೇ ಮಾರಿತ್ತು. ಜನ ಕೊಂಡರು.

ಆದರೆ ನನ್ನ ಜಗಳ ಇರುವವರ ಬಗ್ಗೆ ಅಲ್ಲ, ಇಲ್ಲದವರ ಬಗ್ಗೆ. ಲ್ಯಾಂಡೋ ಇಲ್ಲ. ಈ ಹಡಗು ಹಾನ್‌ಗಿಂತ ಮೊದಲು ಲ್ಯಾಂಡೋನದು, ಜೂಜಿನಲ್ಲಿ ಸೋತು ಕೊಟ್ಟದ್ದು. ಮುಂದೆ 1983ರ ಚಿತ್ರದಲ್ಲಿ ಕೊನೆಯ ಯುದ್ಧಕ್ಕೆ ಇದೇ ಹಡಗನ್ನು ಓಡಿಸಿಕೊಂಡು ಹೋಗಿ ಗೆದ್ದವನೂ ಅವನೇ. ಪಗಡೆಯಲ್ಲಿ ರಾಜ್ಯ ಕಳೆದುಕೊಂಡವರ ಕಥೆ ಕೇಳುತ್ತ ಬೆಳೆದ ನಮಗೆ, ಸೋತವನನ್ನು ಹೀಗೆ ಪೆಟ್ಟಿಗೆಯಿಂದಲೇ ಬಿಟ್ಟುಬಿಡುವುದು ಸರಿ ಕಾಣುವುದಿಲ್ಲ. ನಮ್ಮಲ್ಲಿ ಸೋತವರಿಗೇ ಅಲ್ಲವೇ ಕಥೆ ಸಿಗುವುದು? ಲ್ಯೂಕ್ ಕೂಡ ಇಲ್ಲ. 2007ರಲ್ಲಿ ಬಂದ ಇದರ ಹಿಂದಿನ ಆವೃತ್ತಿಯಲ್ಲಿ, ಅದು 5195 ತುಂಡಿನದು, ಲ್ಯೂಕ್ ಮತ್ತು ಅವನ ಗುರು ಓಬಿ-ವಾನ್ ಇದ್ದರು. ಹತ್ತು ವರ್ಷದಲ್ಲಿ ತುಂಡುಗಳು ಎರಡು ಸಾವಿರಕ್ಕೂ ಮೇಲೆ ಹೆಚ್ಚಿದವು, ಇವರಿಬ್ಬರಿಗೆ ಜಾಗ ಇಲ್ಲದಾಯಿತು. ಎಂಟುನೂರು ಡಾಲರ್ ಕೊಟ್ಟವನಿಗೆ ಇನ್ನೆರಡು ಗೊಂಬೆ ಕೊಟ್ಟರೆ ಕಂಪನಿ ಮುಳುಗುತ್ತಿತ್ತೇ? ಒಂದೇ ಪಾತ್ರವನ್ನು ಎರಡು ವಯಸ್ಸಿನಲ್ಲಿ ಇಟ್ಟದ್ದು ಮಾತ್ರ ನನಗೆ ಇಷ್ಟವಾಯಿತು. ಯುವಕ ಹಾನ್, ಮುದುಕ ಹಾನ್ ಒಂದೇ ಹಡಗಿನಲ್ಲಿ. ಹಡಗಿಗೂ ಎರಡು ಆಂಟೆನಾ ಕೊಟ್ಟಿದ್ದಾರೆ, ಹಳೆಯ ಚಿತ್ರಗಳಿಗೆ ದುಂಡನೆಯದು, ಹೊಸದಕ್ಕೆ ಆಯತಾಕಾರದ್ದು. ದಸರಾ ಗೊಂಬೆಯ ಮೆಟ್ಟಿಲಿನ ಮೇಲೆ ತೊಟ್ಟಿಲ ಕೃಷ್ಣನೂ ಗೀತೆ ಹೇಳುವ ಕೃಷ್ಣನೂ ಅಕ್ಕಪಕ್ಕ ಕೂತಿರುತ್ತಾರಲ್ಲ, ಅಲ್ಲಿ ಯಾರೂ ಕಾಲದ ತಕರಾರು ತೆಗೆಯುವುದಿಲ್ಲ.

ಈ ಏಳು ಜನರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ನೋಡಿದಾಗ ನನಗೆ ಹೊಳೆದದ್ದು ಬೇರೆಯೇ ಒಂದು ಸಂಗತಿ. ಲೇಯಾಳ ಗ್ರಹವನ್ನು ಅವಳ ಕಣ್ಣೆದುರೇ ಸ್ಫೋಟಿಸಿದ್ದಾರೆ, ಹಿಂತಿರುಗಲು ಊರೇ ಇಲ್ಲ. ಚ್ಯೂಬಾಕನ ಮರಗಳ ಗ್ರಹ ಎಲ್ಲೋ ದೂರ. ರೇಯನ್ನು ಚಿಕ್ಕವಳಿದ್ದಾಗ ಮರಳುಗಾಡಿನಲ್ಲಿ ಬಿಟ್ಟುಹೋಗಿದ್ದಾರೆ. ಫಿನ್‌ನನ್ನು ಹಸುಗೂಸಾಗಿದ್ದಾಗಲೇ ಸೈನ್ಯಕ್ಕೆ ಒಯ್ದರು, ಅವನಿಗೆ ಹೆಸರೂ ಇರಲಿಲ್ಲ, ಎಫ್‌ಎನ್-2187 ಎಂಬ ಸಂಖ್ಯೆ. ಹಾನ್ ಊರು ಬಿಟ್ಟು ಓಡಿಬಂದವನು. ಸಿ-3ಪಿಒ ಕೈಯಿಂದ ಕೈಗೆ ದಾಟಿದ ಆಳು, ಅರವತ್ತು ಲಕ್ಷ ಭಾಷೆ ಬಲ್ಲವನು, ಯಾರೂ ಅವನ ಮಾತು ಕೇಳುವುದಿಲ್ಲ. ಊರಲ್ಲಿರುವವರು ಒಬ್ಬರೂ ಈ ಹಡಗಿನಲ್ಲಿಲ್ಲ. ಇದು ಯುದ್ಧನೌಕೆ ಅಲ್ಲ, ಸರಕು ಸಾಗಿಸುವ ಗಾಡಿ. ಊರು ತಪ್ಪಿದವರಿಗೆ ಅದೇ ಮನೆ. ಸೆಟ್ಟಿನಲ್ಲಿ ಸುತ್ತು ಸೋಫಾ ಹಾಕಿರುವ ನಡುಮನೆಯೊಂದಿದೆ, ಅಲ್ಲಿ ಚದುರಂಗದಂಥ ಆಟದ ಮಣೆ ಇದೆ. ಅಷ್ಟು ಭಾಗವನ್ನು ಕಟ್ಟುವಾಗ ಗೆಳೆಯ ಮಾತಾಡಲಿಲ್ಲ. ಅವನು ದಿಲ್ಲಿಗೆ ಬಂದ ಮೊದಲ ವರ್ಷ ಮುನೀರ್ಕಾದಲ್ಲಿ ಐದು ಜನ ಹುಡುಗರು ಎರಡು ಕೋಣೆಯಲ್ಲಿದ್ದರು, ನಡುವೆ ಒಂದು ಕೇರಂ ಬೋರ್ಡು.

ಇಲ್ಲಿಯೇ ಸೆಟ್ಟಿನ ದೊಡ್ಡ ದೋಷ ಕಾಣುವುದು. ಕಾಕ್‌ಪಿಟ್‌ನಲ್ಲಿ ಕೂರಲು ನಾಲ್ಕೇ ಸೀಟು. ಚಿತ್ರದಲ್ಲೂ ಹಾಗೇ ಇದೆ, ಒಪ್ಪುತ್ತೇನೆ. ಆದರೆ ಹೊದಿಕೆ ಮುಚ್ಚಿದ ಮೇಲೆ ಗಾಜಿನಿಂದ ಹೊರಗೆ ಕಾಣುವವರು ಆ ನಾಲ್ವರೇ. ಉಳಿದವರು ನಡುಮನೆಯಲ್ಲೋ, ಹಿಂದಿನ ಇಂಜಿನ್ ಕೋಣೆಯಲ್ಲೋ, ಫಿರಂಗಿಯ ಸೀಟಿನಲ್ಲೋ ಕತ್ತಲಲ್ಲಿ. ಮನೆಗೆ ಬಂದವರಿಗೆ ತೋರಿಸಲು ಯಾರನ್ನು ಮುಂದೆ ಕೂರಿಸಬೇಕು ಎಂದು ಪ್ರತಿ ಸಲ ಆರಿಸಬೇಕು. ಗೆಳೆಯನ ಅಮ್ಮ ನವರಾತ್ರಿಗೆಂದು ಬಂದಿದ್ದಾಗ ಹಡಗನ್ನು ಮೊದಲ ಸಲ ನೋಡಿದರು.

“ಏನಪ್ಪಾ ಇದು, ದೋಸೆ ಹೆಂಚಿಗೆ ಹಿಡಿ ಹಾಕಿದ ಹಾಗಿದೆ” ಎಂದರು.

“ಅಮ್ಮಾ, ಇದು ಆಕಾಶದಲ್ಲಿ ಹೋಗೋ ಹಡಗು.”

“ಪುಷ್ಪಕ ವಿಮಾನ ಅನ್ನು. ಎಷ್ಟು ಜನ ಕೂರ್ತಾರೆ?”

“ಮುಂದೆ ನಾಲ್ಕು ಜನ.”

“ಅಷ್ಟೇನಾ?” ಎಂದು ಅವರು ಅಡುಗೆಮನೆಗೆ ಹೋದರು.

ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಂದು ಜಾಗ ಖಾಲಿ ಇರುತ್ತದೆ ಎನ್ನುವುದು ನಮ್ಮ ಮನೆಗಳಲ್ಲಿ ಎಲ್ಲರೂ ಕೇಳಿದ ಮಾತು. ಇಂಜಿನಿಯರಿಂಗ್ ದೃಷ್ಟಿಯಿಂದ ಅದು ಅಸಾಧ್ಯ, ಆದರೆ ಹಡಗಿನ ಕಲ್ಪನೆಯಾಗಿ ನನಗೆ ಅದು ಫಾಲ್ಕನ್ನಿಗಿಂತ ದೊಡ್ಡದು. ಆ ಕಥೆ ಕಟ್ಟಿದವರು ಯಂತ್ರದ ವೇಗವನ್ನು ಹೊಗಳಲಿಲ್ಲ, ಬಂದವರಿಗೆ ಜಾಗ ಇದೆ ಎಂದರು. ಅಮ್ಮ ಆ ವರ್ಷ ಹಾಲ್‌ನ ಮೂಲೆಯಲ್ಲಿ ಮೂರೇ ಮೆಟ್ಟಿಲಿನ ಗೊಂಬೆ ಕೂರಿಸಿದರು. ಮದುವೆಯಲ್ಲಿ ಅವರ ತವರಿನಿಂದ ಬಂದ ರಕ್ತಚಂದನದ ಪಟ್ಟದ ರಾಜ ರಾಣಿ, ಒಂದಷ್ಟು ಚನ್ನಪಟ್ಟಣದ ಗೊಂಬೆ, ಕಿನ್ನಾಳದ ಒಂದು ಗರುಡ. ಕೆಳಗಿನ ಮೆಟ್ಟಿಲಿನಲ್ಲಿ ಆರು ವರ್ಷದ ಮೊಮ್ಮಗಳು ಪಾರ್ಕು ಮಾಡುವುದು ಎಂದಾಯಿತು. ಮರುದಿನ ನೋಡಿದರೆ ಆ ಪಾರ್ಕಿನಲ್ಲಿ ರೇ, ಫಿನ್, ಮುದಿ ಹಾನ್ ಮೂವರೂ ನಿಂತಿದ್ದಾರೆ. ಕಾಕ್‌ಪಿಟ್‌ನಲ್ಲಿ ಜಾಗ ಇಲ್ಲದವರು. ಹಡಗಿನ ಕತ್ತಲಿನಿಂದ ಅವರನ್ನು ತೆಗೆಯಲು ಅವಳು ಹೊದಿಕೆಯ ಎರಡು ಹಲಗೆ ಎತ್ತಿದ್ದಳು, ಒಂದು ತಿರುಗಿ ಸರಿಯಾಗಿ ಕೂತಿರಲಿಲ್ಲ.

ಗೆಳೆಯನಿಗೆ ಸಿಟ್ಟು ಬಂತು. “ಮುಟ್ಟಬೇಡ ಅಂದಿರಲಿಲ್ವಾ ಪುಟ್ಟಾ” ಎಂದ. ಅಜ್ಜಿ ಮಧ್ಯೆ ಬಂದರು. “ಗೊಂಬೆ ಅಂದ್ಮೇಲೆ ಮಗು ಮುಟ್ಟದೆ ಇರುತ್ತೇನೋ? ನೀನು ಇದನ್ನ ಯಾರಿಗೆ ಅಂತ ತಂದೆ?”

ವಿಮರ್ಶೆಯ ಪ್ರಶ್ನೆ ಅದೇ. ಪೆಟ್ಟಿಗೆಯ ಮೇಲೆ 16 ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿದೆ. ಬಿಲ್ಲುಂಡಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಎಂಬ ಬಡಗಿ 1932ರಲ್ಲಿ ಆಟಿಕೆ ಮಾಡಲು ಶುರುಮಾಡಿದ್ದು ಮರದಲ್ಲಿ. ಚೆನ್ನಾಗಿ ಆಡು ಎಂಬರ್ಥದ ಎರಡು ಡೇನಿಷ್ ಪದಗಳಿಂದ ಲೆಗೊ ಎಂಬ ಹೆಸರು ಕಟ್ಟಿದ. ಪ್ಲಾಸ್ಟಿಕ್ ಇಟ್ಟಿಗೆಯ ಈಗಿನ ರೂಪಕ್ಕೆ ಪೇಟೆಂಟ್ ಅರ್ಜಿ ಹೋದದ್ದು 1958ರಲ್ಲಿ, 1960ರಲ್ಲಿ ಮರದ ಆಟಿಕೆಗಳ ಉಗ್ರಾಣಕ್ಕೆ ಬೆಂಕಿ ಬಿದ್ದ ಮೇಲೆ ಮರವನ್ನು ಬಿಟ್ಟೇಬಿಟ್ಟರು. ಚನ್ನಪಟ್ಟಣದವರಿಗೆ ಅಂಥ ಒಂದು ಬೆಂಕಿ ಬೀಳಲಿಲ್ಲ, ಅವರು ಇನ್ನೂ ಆಲೆಮರವನ್ನು ತಿರುಗಣಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುತ್ತಿದ್ದಾರೆ. ಯಾರು ಗೆದ್ದರು ಎಂದು ಕೇಳುವುದರಲ್ಲಿ ನನಗೆ ಆಸಕ್ತಿ ಇಲ್ಲ. ಎಂಟು ಗುಬುಟಿನ ಆರು ಇಟ್ಟಿಗೆ ಕೊಟ್ಟರೆ ಅವನ್ನು 91,51,03,765 ರೀತಿಯಲ್ಲಿ ಜೋಡಿಸಬಹುದು ಎಂದು ಗಣಿತ ಹೇಳುತ್ತದೆ. ಆ ಕಂಪನಿಯ ನಿಜವಾದ ಪ್ರತಿಭೆ ಈ ಅಂಕಿಯಲ್ಲಿದೆ. 7541 ತುಂಡು ಕೊಟ್ಟು, ಇದನ್ನು ಒಂದೇ ರೀತಿಯಲ್ಲಿ ಜೋಡಿಸು, ಆಮೇಲೆ ಮುಟ್ಟಬೇಡ ಎನ್ನುವ ಸೆಟ್ಟು ಆ ಪ್ರತಿಭೆಗೆ ತಾನೇ ಬೆನ್ನು ತಿರುಗಿಸಿದಂತೆ. ಹಡಗನ್ನು ಎರಡು ಕೈಯಲ್ಲೂ ಎತ್ತಿ ‘ಝುಂಯ್’ ಎಂದು ಹಾರಿಸುವ ಹಾಗಿಲ್ಲ, ಎಲ್ಲಿ ಹಿಡಿದರೂ ಯಾವುದೋ ತುಂಡು ಕೈಗೆ ಬರುತ್ತದೆ.

ಬಹಾದುರ್ ಶಾ ಜಫರ್ ಮಾರ್ಗದಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ 1965ರಲ್ಲಿ ತೆರೆದ ಗೊಂಬೆಗಳ ಸಂಗ್ರಹಾಲಯ ಇದೆ. ದಿಲ್ಲಿಯ ಕನ್ನಡ ಮಕ್ಕಳನ್ನು ಒಂದಲ್ಲ ಒಂದು ಭಾನುವಾರ ಅಲ್ಲಿಗೆ ಕರೆದೊಯ್ದಿರುತ್ತೇವೆ. ಗಾಜಿನ ಹಿಂದೆ ಸಾವಿರಾರು ಗೊಂಬೆ, ಮಕ್ಕಳು ಅರ್ಧ ಗಂಟೆಯಲ್ಲಿ ಐಸ್‌ಕ್ರೀಮ್ ಕೇಳುತ್ತಾರೆ. ಸಂಗ್ರಹಾಲಯ ಹಾಗಿರುವುದು ತಪ್ಪಲ್ಲ, ಅದರ ಕೆಲಸ ಅದು. ಮನೆಯ ಹಾಲ್ ಹಾಗಾಗುವುದು ಕಷ್ಟ. ಅದರಲ್ಲೂ ಈ ಸೆಟ್ಟಿನ ಸುತ್ತ ಹೂಡಿಕೆಯ ಮಾತು ಬೇರೆ ಬೆಳೆದಿದೆ. 2007ರ ಆವೃತ್ತಿ ನಿಂತ ಮೇಲೆ ಅದರ ಮರುಮಾರಾಟದ ಬೆಲೆ ಹಲವು ಪಟ್ಟು ಏರಿತ್ತು, ಅದನ್ನು ನೋಡಿದವರು ಈಗ ಪೆಟ್ಟಿಗೆಯನ್ನು ಬಿಚ್ಚದೆ ಅಟ್ಟದ ಮೇಲೆ ಇಡುತ್ತಾರೆ. ಓದದ ಪುಸ್ತಕಕ್ಕೇ ಹೆಚ್ಚು ಬೆಲೆ. ಇಂಡಿಯಾದಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ ಮೇಲೆ ಇಲ್ಲಿ ಇಂಥ ವಸ್ತು ಇನ್ನಷ್ಟು ಅಪರೂಪದ ಆಸ್ತಿಯಾಯಿತು. ದೇಶದ ಆಟಿಕೆ ತಯಾರಕರಿಗೆ ಸಹಾಯವಾಗಲಿ ಎಂದು ಹಾಕಿದ ಸುಂಕ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬೆಲೆ ಏರಿದಷ್ಟೂ ಮಗುವಿನ ಕೈ ದೂರವಾಗುತ್ತದೆ ಎನ್ನುವುದೂ ನಿಜ.

ಗೆಳೆಯನ ಪರವಾಗಿಯೂ ಒಂದು ಮಾತು ಹೇಳಬೇಕು. ಅವನು ಬೆಳೆದ ಊರಿನಲ್ಲಿ ಲೆಗೊ ಎಂಬ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ಬೆಂಕಿಪೊಟ್ಟಣದ ರೈಲು, ತೆಂಗಿನ ಗರಿಯ ಗಿರಿಗಿಟ್ಟಲೆ, ಸೈಕಲ್ ಟೈರು. ಮೂವತ್ತೆಂಟನೆಯ ವಯಸ್ಸಿನಲ್ಲಿ ಸ್ವಂತ ಸಂಬಳದಿಂದ ಕೊಂಡ ಮೊದಲ ಆಟಿಕೆಯನ್ನು ಒಡೆಯದೆ ಇಟ್ಟುಕೊಳ್ಳಬೇಕು ಅನ್ನಿಸಿದರೆ ಅದನ್ನು ಬರೀ ಜಿಪುಣತನ ಎನ್ನಲಾರೆ. ಅಜ್ಜಿಯ ಪಟ್ಟದ ಗೊಂಬೆಗಳೂ ವರ್ಷದಲ್ಲಿ ಒಂಬತ್ತು ಹತ್ತು ದಿನ ಬಿಟ್ಟರೆ ಹಳೇ ಸೀರೆ ಸುತ್ತಿಕೊಂಡು ಟ್ರಂಕಿನಲ್ಲೇ ಇರುತ್ತವೆ, ಅವನ್ನೂ ಮಕ್ಕಳಿಗೆ ಆಡಲು ಕೊಡುವುದಿಲ್ಲ. ಆದರೆ ಆ ಮೆಟ್ಟಿಲುಗಳಿಗೆ ಒಂದು ಜಾಣತನ ಇದೆ. ಮೇಲಿನದು ಮುಟ್ಟುವಂತಿಲ್ಲ, ಕೆಳಗಿನದು ಮಗುವಿಗೆ. ಪವಿತ್ರವಾದದ್ದಕ್ಕೂ ಆಟಕ್ಕೂ ಒಂದೇ ಹಲಗೆ, ನಡುವೆ ಒಂದು ಗೇಣು ಅಂತರ. ಲೆಗೊದವರ ದುಬಾರಿ ಸೆಟ್ಟುಗಳಿಗೆ ಅಂಥ ಒಂದು ಕೆಳಗಿನ ಮೆಟ್ಟಿಲು ಬೇಕಾಗಿದೆ. 2025ರಲ್ಲಿ ಅವರು ಬಿಟ್ಟ ‘ಡೆತ್ ಸ್ಟಾರ್’ನಲ್ಲಿ 9023 ತುಂಡು, 38 ಗೊಂಬೆ, ಬೆಲೆ 999.99 ಡಾಲರ್. ಗೋಳವನ್ನು ಹಲ್ವದ ಹಾಗೆ ಹೋಳು ಮಾಡಿ ಒಳಗಿನ ಕೋಣೆಗಳನ್ನು ಮಹಡಿ ಮಹಡಿಯಾಗಿ ತೆರೆದಿಟ್ಟಿದ್ದಾರೆ. ಚಿತ್ರ ನೋಡಿದಾಗ ಗೊಂಬೆ ಕೂರಿಸಿದ ಹಾಗೇ ಇದೆಯಲ್ಲ ಅನ್ನಿಸಿತು. ಅಲ್ಲಿ ಎಲ್ಲರೂ ಕಾಣುತ್ತಾರೆ. ಆದರೆ ಅದು ಊರುಗಳನ್ನು ಸುಡುವವರ ಮನೆ, ಊರು ತಪ್ಪಿದವರದಲ್ಲ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನನ್ನ ಓಟು ಈಗಲೂ ಕತ್ತಲ ನಡುಮನೆಯ ಸರಕು ಗಾಡಿಗೇ.

ಕಳೆದ ವರ್ಷ ಗೆಳೆಯನ ಬಾಡಿಗೆ ಕರಾರು ಮುಗಿಯಿತು, ಮಾಲೀಕರ ಮಗ ವಾಪಸ್ ಬರುವವನಿದ್ದ. ಅವನು ನೋಯ್ಡಾಕ್ಕೆ ಮನೆ ಬದಲಿಸಿದ. ಸಾಮಾನು ಸಾಗಿಸಲು ಬಂದ ಹುಡುಗ ಹಡಗನ್ನು ಎರಡು ಸುತ್ತು ನೋಡಿ, ಇದನ್ನು ಹೀಗೇ ಒಯ್ದರೆ ಉಳಿಯುವುದಿಲ್ಲ ಸಾಬ್ ಎಂದ. ನಾವಿಬ್ಬರೂ ಒಂದು ರಾತ್ರಿ ಕೂತು ಹೊದಿಕೆಯ ಹಲಗೆಗಳನ್ನೆಲ್ಲ ಬಿಡಿಸಿದೆವು. ಆ ಒಳಗಿನ ಚೌಕಟ್ಟನ್ನು ನಾನು ಎರಡನೆಯ ಸಲ ಕಂಡದ್ದು ಆಗಲೇ. ಮೂರು ರಟ್ಟಿನ ಪೆಟ್ಟಿಗೆ ತುಂಬಿತು. ಅವು ಇನ್ನೂ ನೋಯ್ಡಾದ ಬಾಲ್ಕನಿಯ ಪಕ್ಕದಲ್ಲಿ ಟೇಪು ಹಾಕಿಕೊಂಡೇ ಇವೆಯಂತೆ. ಏಳು ಗೊಂಬೆಗಳು ಮಾತ್ರ ಹೊರಗಿವೆ, ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ, ತುಳಸಿ ಕುಂಡದ ಈಚೆ ಬದಿಗೆ. ಪೋರ್ಗ್‌ಗಳಲ್ಲಿ ಒಂದು ಸಿಕ್ಕಿಲ್ಲ.